ಮಳೆ ವಯನಾಡಿನದು, ನೆರೆ ನಂಜನಗೂಡಿನದು

ಕಪಿಲೆ ಉಕ್ಕುವ ದಿನ ನಂಜನಗೂಡಿನಲ್ಲಿ ಮಳೆ ಬಂದಿರಲೇಬೇಕೆಂದೇನಿಲ್ಲ. ಎಷ್ಟೋ ಸಲ ಒಳ್ಳೆ ಬಿಸಿಲೇ ಇರುತ್ತದೆ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಕಾಣೆಯಾಗುತ್ತಿರುತ್ತವೆ, ಹೊತ್ತು ಇಳಿಯುವಷ್ಟರಲ್ಲಿ ಹದಿನಾರು ಕಾಲು ಮಂಟಪದ ಕಂಬಗಳ ಸುತ್ತ ಕೆಂಪು ನೀರು ಸುತ್ತು ಹಾಕುತ್ತಿರುತ್ತದೆ. ತೋಪಿನ ಬೀದಿ, ಹಳ್ಳದಕೇರಿ, ಒಕ್ಕಲಗೇರಿ, ಸರಸ್ವತಿ ಕಾಲೊನಿಯವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮಳೆ ಬಿದ್ದದ್ದು ಇಲ್ಲಲ್ಲ, ಗುಂಡ್ಲುಪೇಟೆ, ಬಂಡೀಪುರ ದಾಟಿದ ಮೇಲೆ ಸಿಗುವ ವಯನಾಡಿನ ಎಸ್ಟೇಟುಗಳ ಮೇಲೆ. ಅಲ್ಲಿ ಸುರಿದದ್ದು ಇಲ್ಲಿ ಹೊಸಿಲು ದಾಟುತ್ತದೆ.

ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಈ ಮಾತನ್ನು ಅದಕ್ಕೂ ಮೊದಲೇ ಆಡಬೇಕು. ಜುಲೈನಲ್ಲಿ ನಾವು ಬರೆಯುವುದು ಬರೀ ವರದಿ. ಮುಳುಗಿದ ಬಾಳೆತೋಟದ ಚಿತ್ರ, ಅದರ ಕೆಳಗೆ ಎರಡು ಸಾಲು. ಆಗ ತೋಟದವನಿಗೆ ಅದರಿಂದ ಆಗುವ ಪ್ರಯೋಜನ ಸೊನ್ನೆ.

ನದಿಯ ದಾರಿಯನ್ನೊಮ್ಮೆ ನೋಡಿ. ವೈತಿರಿಯ ಮಗ್ಗುಲಿನ ಪೂಕೋಡು ಕೆರೆಯ ಕಡೆಯಿಂದ ಪನಮರಂ ಹೊಳೆ ಹರಿದು ಬರುತ್ತದೆ. ಮಾನಂತವಾಡಿ ಹೊಳೆ ಅದಕ್ಕೆ ಕೂಡುತ್ತದೆ. ಎರಡೂ ಸೇರಿದರೆ ಕಬಿನಿ, ಅಂದರೆ ನಮ್ಮ ಕಪಿಲೆ. ಕೇರಳದ ಹೊಳೆಗಳಲ್ಲಿ ಬಹುಪಾಲು ಪಡುವಣ ಕಡಲಿಗೆ ಓಡಿದರೆ, ಮೂಡಣಕ್ಕೆ ಮುಖ ಮಾಡಿರುವ ಕೈಬೆರಳೆಣಿಕೆಯ ಹೊಳೆಗಳಲ್ಲಿ ಇದು ಒಂದು. ಬೀಚನಹಳ್ಳಿಯ ಹತ್ತಿರ ಅಣೆಕಟ್ಟೆಗೆ ಬಡಿದು, ಅಲ್ಲಿಂದ ಇಳಿದು, ದಾರಿಯಲ್ಲಿ ನುಗು ಹೊಳೆಯನ್ನು ಕೂಡಿಸಿಕೊಂಡು, ನಂಜನಗೂಡಿನಲ್ಲಿ ಗುಂಡ್ಲು ಹೊಳೆಯನ್ನು, ಅಂದರೆ ನಮ್ಮ ಕೌಂಡಿನ್ಯೆಯನ್ನು ಸೇರಿಸಿಕೊಂಡು, ಸುತ್ತೂರು ಬಳಸಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಬೀಳುತ್ತದೆ. ಕೋಯಿಕ್ಕೋಡಿನಿಂದ ಹೊರಟ 766ನೇ ಹೆದ್ದಾರಿಯೂ ಹೆಚ್ಚುಕಡಿಮೆ ಇದೇ ದಿಕ್ಕು ಹಿಡಿಯುತ್ತದೆ: ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ, ಕೊಳ್ಳೇಗಾಲ. ನೀರು ಮೇಲಿಂದ ಕೆಳಗೆ ಬರುತ್ತದೆ. ಕೂಲಿಗೆ ಹೋಗುವ ಜನ ಕೆಳಗಿಂದ ಮೇಲೆ ಹೋಗುತ್ತಾರೆ. ಕಾಫಿ ಕೊಯ್ಲು, ಮೆಣಸು ಬಿಡಿಸುವುದು, ಟೀ ಚಿಗುರು, ಶುಂಠಿ ಕೀಳುವುದು ಎಂದು ಹಳೇ ಮೈಸೂರಿನ ಈ ತುದಿಯಿಂದ ತಲೆಮಾರುಗಳಿಂದ ಜನ ಘಟ್ಟ ಹತ್ತಿದ್ದಾರೆ. ಕೆಲವರು ಅಲ್ಲೇ ನೆಲೆ ನಿಂತಿದ್ದಾರೆ.

2024ರ ಜುಲೈ 30ರ ನಡುರಾತ್ರಿ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲೆ, ಪುಂಚಿರಿಮಟ್ಟಂ, ಅಟ್ಟಮಲೆಗಳಲ್ಲಿ ಗುಡ್ಡ ಜಾರಿದಾಗ ಸತ್ತವರಲ್ಲಿ ಕನ್ನಡದವರೂ ಇದ್ದದ್ದು ಅದಕ್ಕೇ. ಚಾಮರಾಜನಗರ, ಮಂಡ್ಯ ಜಿಲ್ಲೆಗಳಿಂದ ಹೋಗಿ ಎಸ್ಟೇಟು ಸೇರಿದ್ದ ಕುಟುಂಬಗಳು. ಸತ್ತವರು, ಸಿಗದೇ ಹೋದವರು ಸೇರಿ ಸುಮಾರು 300 ಜೀವ. ಆ ಕಣಿವೆಯ ನೀರು ಚಾಲಿಯಾರಿಗೆ ಹರಿಯುತ್ತದೆ, ಕಬಿನಿಗಲ್ಲ. ಅಲ್ಲಿಯ ಕೆಸರು ನಮ್ಮ ಕಡೆ ಬರಲಿಲ್ಲ. ಆದರೆ ಏಣಿನ ಆಚೆಗೂ ಈಚೆಗೂ ಸುರಿದದ್ದು ಒಂದೇ ಮೋಡ. ಆ ದಿನಗಳಲ್ಲೇ ಇತ್ತ ಕಪಿಲೆ ನಂಜನಗೂಡಿನ ಸ್ನಾನಘಟ್ಟವನ್ನು ನುಂಗಿದ್ದಳು.

ಎಸ್ಟೇಟಿನ ಕೂಲಿಯವರ ವಸತಿ ಹೇಗಿರುತ್ತದೆಂದು ಕಂಡಿಲ್ಲದವರಿಗೆ ಒಂದು ಮಾತು. ನಮ್ಮ ಕೊಡಗಿನಲ್ಲಿ ಲೈನ್ ಮನೆ ಅನ್ನುತ್ತೇವೆ, ವಯನಾಡಿನಲ್ಲಿ ಪಾಡಿ. ಒಂದೇ ಉದ್ದನೆಯ ಸೂರಿನ ಕೆಳಗೆ ಸಾಲಾಗಿ ಕೋಣೆಗಳು, ಮುಂದೊಂದು ಜಗಲಿ. ಕೋಣೆ ಕಂಪನಿಯದು, ನೆಲ ಕಂಪನಿಯದು, ದಾರಿಯೂ ಕಂಪನಿಯದೇ. ಒಳಗಿರುವವನ ಆಸ್ತಿ ಅಂದರೆ ಹಿತ್ತಲಲ್ಲಿ ಕಟ್ಟಿದ ಹಸು, ಪಾತ್ರೆ ಪಡಗ, ಒಂದು ಟೀವಿ, ಮಗಳ ಮದುವೆಗೆಂದು ಟ್ರಂಕಿನಲ್ಲಿಟ್ಟ ಒಡವೆ, ಪ್ಲಾಸ್ಟಿಕ್ ಕವರಿನೊಳಗಿನ ಆಧಾರ್ ಮತ್ತು ರೇಷನ್ ಕಾರ್ಡು. ಸಾಲುಮನೆಗಳನ್ನು ಕಟ್ಟುವುದು ಸಾಮಾನ್ಯವಾಗಿ ನೀರಿನ ಅನುಕೂಲ ನೋಡಿ, ತೊರೆಯ ಬದಿಯ ಮಟ್ಟಸ ಜಾಗದಲ್ಲಿ. ಎತ್ತರದ, ಗಾಳಿ ಬೀಸುವ, ನೋಟ ಚೆನ್ನಾಗಿರುವ ದಿಬ್ಬ ಮ್ಯಾನೇಜರರ ಬಂಗಲೆಗೆ. ಬ್ರಿಟಿಷರ ಕಾಲದ ಈ ಲೆಕ್ಕಾಚಾರವನ್ನು ಆಮೇಲೆ ಬಂದವರು ಯಾರೂ ಕೆಡಿಸಲಿಲ್ಲ.

ಮುಂಡಕ್ಕೈಗೆ ಎಚ್ಚರಿಕೆ ಇರಲಿಲ್ಲವೆ? ಇತ್ತು, ಒಂದಲ್ಲ ಹಲವು. 1984ರ ಜುಲೈನಲ್ಲಿ ಇದೇ ಮುಂಡಕ್ಕೈನಲ್ಲಿ ಗುಡ್ಡ ಕುಸಿದು 14 ಜನ ಸತ್ತಿದ್ದರು. 2019ರ ಆಗಸ್ಟ್ 8ರಂದು ಹತ್ತಿರದ ಪುತ್ತುಮಲೆಯಲ್ಲಿ 17 ಜನ. ಕಲ್ಪೆಟ್ಟದಲ್ಲಿ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಕೇಂದ್ರ ಎಂಬ ಸಣ್ಣ ಸಂಸ್ಥೆಯಿದೆ. ಜಿಲ್ಲೆಯನ್ನು ಚೌಕುಳಿಯಾಗಿ ವಿಂಗಡಿಸಿ, ರೈತರ ಮನೆ, ಎಸ್ಟೇಟು, ಶಾಲೆಗಳಲ್ಲಿ ಮಳೆಮಾಪಕ ಇಡಿಸಿ, ದಿನಾ ಬೆಳಿಗ್ಗೆ ಲೆಕ್ಕ ತರಿಸಿಕೊಳ್ಳುತ್ತದೆ. 2024ರ ಜುಲೈ 29ರ ಬೆಳಿಗ್ಗೆ ಪುತ್ತುಮಲೆಯ ಮಾಪಕದ ಅಂಕಿ ನೋಡಿ, ಇನ್ನೂ ಮಳೆ ಬಂದರೆ ಗುಡ್ಡ ನಿಲ್ಲುವುದಿಲ್ಲ ಎಂದು ಜಿಲ್ಲಾಡಳಿತಕ್ಕೆ ತಿಳಿಸಿತು. ಕುಸಿತಕ್ಕೆ ಆಗ ಹದಿನಾರು ಗಂಟೆ ಬಾಕಿಯಿತ್ತು. 48 ಗಂಟೆಗಳಲ್ಲಿ ಸುರಿದ ಮಳೆ ಒಟ್ಟು 572 ಮಿಲಿಮೀಟರ್. ಬೆಟ್ಟದ ಮೇಲೆ ಸುಮಾರು 1,550 ಮೀಟರ್ ಎತ್ತರದಲ್ಲಿ ಕಿತ್ತುಕೊಂಡ ಬಂಡೆ ಮಣ್ಣು ಸುಮಾರು 8 ಕಿಲೋಮೀಟರ್ ಹರಿಯಿತೆಂದು ಆಮೇಲೆ ಇಸ್ರೊದ ಉಪಗ್ರಹ ಚಿತ್ರಗಳು ತೋರಿಸಿದವು. ಚೂರಲ್‌ಮಲೆಯ ಪೇಟೆಬೀದಿಯಲ್ಲಿ ಮಲಗಿದ್ದವರು ತಾವು ಗುಡ್ಡದ ಬುಡದಲ್ಲಿದ್ದೇವೆ ಎಂದುಕೊಂಡಿರಲೂ ಇಲ್ಲ.

ಇದರ ಜೊತೆಗಿಟ್ಟು ನೋಡಬೇಕಾದ ಇನ್ನೊಂದು ವರ್ಷ 2020. ಆಗಲೂ ಇದೇ ಕೇಂದ್ರ ಇದೇ ಮುಂಡಕ್ಕೈ ಬಗ್ಗೆ ಎಚ್ಚರಿಸಿತ್ತು. ಜನರನ್ನು ಮೊದಲೇ ಕೆಳಗಿಳಿಸಿದರು, ಗುಡ್ಡ ಜಾರಿತು, ಯಾರೂ ಸಾಯಲಿಲ್ಲ. ಯಾರೂ ಸಾಯದ ಕಾರಣ ಅದು ದೊಡ್ಡ ಸುದ್ದಿಯೂ ಆಗಲಿಲ್ಲ. ಊರು ಅದೇ, ಮಾಪಕ ಅದೇ. ನಡುವೆ ನಾಲ್ಕು ವರ್ಷ, ಅಷ್ಟೆ.

2024ರ ಅನಾಹುತ ಕಳೆದು ಎರಡು ದಿನವಾಗಿರಲಿಲ್ಲ, ಜಗಳ ಶುರುವಾಯಿತು. ಜುಲೈ 23ರಿಂದಲೇ ಎಚ್ಚರಿಸಿದ್ದೆವು ಎಂದು ಗೃಹ ಸಚಿವ ಅಮಿತ್ ಶಾ ರಾಜ್ಯಸಭೆಯಲ್ಲಿ ಹೇಳಿದರು. ಹವಾಮಾನ ಇಲಾಖೆ ಕೊಟ್ಟಿದ್ದು ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಬಂದದ್ದು ಗುಡ್ಡ ಕುಸಿದ ಮೇಲೆ ಬೆಳಿಗ್ಗೆ ಆರಕ್ಕೆ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ತಿರುಗೇಟು ಕೊಟ್ಟರು. ಕಡತದ ಮಟ್ಟಿಗೆ ಇಬ್ಬರ ಕೈಯಲ್ಲೂ ಕಾಗದ ಇತ್ತು. ಪಾಡಿಯ ಕೊನೇ ಕೋಣೆಯ ಕದ ಯಾರು ತಟ್ಟಬೇಕಿತ್ತು ಎಂಬ ಪ್ರಶ್ನೆಗೆ ಇಬ್ಬರ ಕಾಗದದಲ್ಲೂ ಉತ್ತರ ಇರಲಿಲ್ಲ. ಚಾಮರಾಜನಗರ ಮೂಲದ ಒಂದು ಕುಟುಂಬ ಆ ರಾತ್ರಿ ಬದುಕಿದ್ದು ಕೊಟ್ಟಿಗೆಯ ಹಸು ಅರಚಿ ಎಬ್ಬಿಸಿದ್ದರಿಂದ ಎಂದು ಪತ್ರಿಕೆಗಳು ಬರೆದವು. ಓದಿದವರೆಲ್ಲ ಗೋಮಾತೆಗೆ ಕೈಮುಗಿದರು. ಮುಗಿಯಲಿ. ಆದರೆ ಇಲಾಖೆಗಳ ಸಾಲೇ ಇರುವ ದೇಶದಲ್ಲಿ ಕೊನೆಗೆ ಕೆಲಸ ಮಾಡಿದ ಮುನ್ನೆಚ್ಚರಿಕೆ ವ್ಯವಸ್ಥೆ ಒಂದು ಹಸು ಎಂಬುದನ್ನು ಪವಾಡ ಎಂದು ಕರೆದು ಕೈತೊಳೆದುಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ.

ಈಗ ನಮ್ಮ ದಂಡೆಗೆ ಬರೋಣ. ನಮ್ಮಲ್ಲಿ ಗುಡ್ಡ ಜಾರುವುದಿಲ್ಲ, ನೀರು ಏರುತ್ತದೆ. ಸಾವು ಕಡಿಮೆ, ನಷ್ಟ ಹೆಚ್ಚು. 2018ರಲ್ಲಿ ಏರಿತು. 2019ರ ಆಗಸ್ಟಿನಲ್ಲಿ ಕಬಿನಿಯ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿ, ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮುಳುಗಿ, ಮೈಸೂರಿಗೂ ನಂಜನಗೂಡಿಗೂ ನೇರ ದಾರಿ ಕಡಿದುಹೋಯಿತು. ಬೊಕ್ಕಹಳ್ಳಿ, ಹೆಜ್ಜಿಗೆ, ತೊರೆಮಾವು, ಸುತ್ತೂರು ಕಡೆಯ ಗದ್ದೆ ತೋಟಗಳಿಗೆ ನುಗ್ಗಿದ ನೀರು ಬೇಗ ಇಳಿಯಲಿಲ್ಲ. ಸಂಗಮದ ಕೆಳಗೆ ಕೊಳ್ಳೇಗಾಲದ ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಮುಳ್ಳೂರುಗಳು ಆ ಎರಡು ವರ್ಷವೂ ಮುಳುಗಿದವು.

ಕಬಿನಿ ಅಣೆಕಟ್ಟೆಯ ಲೆಕ್ಕ ಸರಳ. ಸರಳವಾದ್ದರಿಂದಲೇ ಭಯ. 1974ರಲ್ಲಿ ಮುಗಿದ ಈ ಜಲಾಶಯ ಹಿಡಿಯುವುದು 19.52 ಟಿಎಂಸಿ. ಕೆಆರ್‌ಎಸ್‌ನ 49 ಟಿಎಂಸಿಯ ಮುಂದೆ ಇದು ಸಣ್ಣದು. ಒಂದು ಲಕ್ಷ ಕ್ಯೂಸೆಕ್ ಒಳಹರಿವು ಒಂದು ದಿನ ಬಂದರೆ 8.64 ಟಿಎಂಸಿ. ಎಂದರೆ ಅರ್ಧ ಖಾಲಿಯಿರುವ ಕಬಿನಿ ಒಂದು ಹಗಲು ಒಂದು ರಾತ್ರಿ ಕಳೆದು ಮೂರು ನಾಲ್ಕು ಗಂಟೆಯಲ್ಲಿ ಭರ್ತಿ. ಎರಡು ಟಿಎಂಸಿ ಜಾಗ ಉಳಿಸಿಕೊಂಡಿದ್ದರೆ ಐದೂವರೆ ಗಂಟೆಯ ಬಿಡುವು. ಏನೂ ಉಳಿಸಿಕೊಳ್ಳದಿದ್ದರೆ ಬಿಡುವೇ ಇಲ್ಲ. ಬಂದಷ್ಟನ್ನೂ ಆ ಕ್ಷಣವೇ ಬಿಡಬೇಕು. ಪ್ರತಿವರ್ಷ ರಾಜ್ಯದಲ್ಲಿ ಮೊದಲು ತುಂಬುವ ಜಲಾಶಯಗಳ ಸಾಲಿನಲ್ಲಿ ಕಬಿನಿ ಇರುತ್ತದೆ. ತುಂಬಿದರೆ ಬಾಗಿನ, ಬಾಗಿನ ಅಂದರೆ ಮುಖ್ಯಮಂತ್ರಿ, ರೇಷ್ಮೆ ಸೀರೆ, ಮೊರ, ಫೋಟೊ. ಆ ಸಂತೋಷವನ್ನು ನಾವು ಹೀಗಳೆಯುತ್ತಿಲ್ಲ. ನಾಲೆಯ ಕೊನೆ ಭಾಗದ ರೈತನಿಗೆ ತುಂಬಿದ ಕಟ್ಟೆಯೇ ದೇವರು, ತಮಿಳುನಾಡಿಗೆ ತಿಂಗಳ ಲೆಕ್ಕದಲ್ಲಿ ನೀರು ಕೊಡಬೇಕಾದ ರಾಜ್ಯಕ್ಕೆ ಬಂದ ನೀರನ್ನು ಸುಮ್ಮನೆ ಬಿಡುವ ಧೈರ್ಯ ಬರುವುದೂ ಕಷ್ಟ. ಎಂಜಿನಿಯರನ್ನು ಬೈಯುವುದು ಸುಲಭ. ಮುಂಚೆಯೇ ನೀರು ಬಿಟ್ಟು ಮಳೆ ಕೈಕೊಟ್ಟರೆ ಅವನನ್ನು ಬೈಯಲು ಇನ್ನೊಂದು ಸಾಲು ಕಾದಿರುತ್ತದೆ. ಆದರೆ ಕಟ್ಟೆ ತುಂಬಿದ ದಿನದಿಂದ ಕೆಳಗಿನವರ ಬಿಡುವು ಗಂಟೆಗಳ ಲೆಕ್ಕಕ್ಕೆ ಇಳಿದಿದೆ ಎಂಬ ಸತ್ಯವನ್ನು ಬಾಗಿನದ ದಿನವೇ, ಅದೇ ಮೈಕಿನಲ್ಲಿ ಹೇಳಲು ಏನು ತೊಂದರೆ?

ಇದರ ಮೇಲೆ ಎರಡು ಸೇರಿಕೆ ಇವೆ. ನುಗು ಕೂಡುವುದು ಕಬಿನಿ ಕಟ್ಟೆಯ ಕೆಳಗೆ. ಕಬಿನಿಯ ಹೊರಹರಿವನ್ನಷ್ಟೇ ನೋಡಿ ನಂಜನಗೂಡಿನ ಮಟ್ಟ ಅಂದಾಜಿಸುವವರು ನುಗುವನ್ನು ಮರೆತಿರುತ್ತಾರೆ. ಎರಡನೆಯದು ನರಸೀಪುರದ ಕಥೆ. ಅಲ್ಲಿ ಕಾವೇರಿಯೂ ಮೈದುಂಬಿ ಬಂದಿದ್ದರೆ ಕಪಿಲೆಗೆ ಒಳನುಗ್ಗಲು ದಾರಿಯಿಲ್ಲ. ನೀರು ಹಿಂದಕ್ಕೆ ಒತ್ತುತ್ತದೆ. ಕೆಆರ್‌ಎಸ್‌ನವರು ತಮ್ಮ ಗೇಟಿನ ಲೆಕ್ಕ ಹೇಳುತ್ತಾರೆ, ಕಬಿನಿಯವರು ತಮ್ಮ ಗೇಟಿನದು. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಮೆಟ್ಟಿಲ ಬಳಿ ಎರಡನ್ನೂ ಕೂಡಿ ಹೇಳುವವರು ಯಾರು? ನರಸೀಪುರದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಮೇಲೆ ಕೇರಳದ ಮುತ್ತಂಕೆರೆಯಲ್ಲಿ, ನೀರು ಜಲಾಶಯ ಮುಟ್ಟುವ ಮೊದಲೇ, ಅದೇ ಆಯೋಗದ ಇನ್ನೊಂದು ಇದೆ. ಅಳೆಯುವವರಿದ್ದಾರೆ, ಅಂಕಿಯಿದೆ. ಅದು ಬೊಕ್ಕಹಳ್ಳಿಯ ತೋಟದ ಮನೆಗೆ ಬರುವ ದಾರಿ ಮಾತ್ರ ಇಲ್ಲ.

ಬರುವುದು ಏನೆಂದರೆ ಒಂದು ಪ್ರಕಟಣೆ. ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗುತ್ತಿದೆ, ನದಿಪಾತ್ರದ ತಗ್ಗು ಪ್ರದೇಶದ ಜನ ಜಾನುವಾರು, ಆಸ್ತಿಪಾಸ್ತಿ ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳಬೇಕು ಎಂಬರ್ಥದ ಮಾತು. ವರ್ಷವರ್ಷವೂ ಅದೇ ಒಕ್ಕಣೆ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ, ಪಂಚಾಯಿತಿ ಆಟೊದ ಮೈಕು ಊರೊಳಗೆ ಒಮ್ಮೆ ಕೂಗಿ ಹೋಗುತ್ತದೆ. ಊರಿಂದ ಆಚೆ ತೆಂಗಿನ ಸಾಲಿನ ನಡುವೆ ಶೀಟಿನ ಮನೆಯಲ್ಲಿರುವವನಿಗೆ ಆಟೊದ ದನಿ ಕೇಳುವುದಿಲ್ಲ. ಕೇಳಿದರೂ 50 ಸಾವಿರ ಕ್ಯೂಸೆಕ್ ಅಂದರೆ ತನ್ನ ಬಾಳೆಯ ಮೊದಲ ಸಾಲಿಗೋ ಕೊನೇ ಸಾಲಿಗೋ ಎಂದು ತಿಳಿಯುವುದಿಲ್ಲ. ತಾನು ತಗ್ಗು ಪ್ರದೇಶದವನು ಎಂದು ಯಾರೂ ಅಂದುಕೊಳ್ಳುವುದಿಲ್ಲ, ತಗ್ಗು ಯಾವಾಗಲೂ ಪಕ್ಕದವನ ಜಮೀನು. ಇಂಥ ಮಟ್ಟಕ್ಕೆ ಇಷ್ಟು ನೀರು ಎಂಬ ಲೆಕ್ಕ ಹಳಬರ ತಲೆಯಲ್ಲಿದೆ: ಮಂಟಪದ ಪೀಠ ಮುಳುಗಿದರೆ ಹಳ್ಳದಕೇರಿಯ ಮೊದಲ ಮನೆ ಖಾಲಿ ಮಾಡಬೇಕು, ರಸ್ತೆ ಬದಿಯ ಇಂಥ ಮೋರಿ ತುಂಬಿದರೆ ಮಲ್ಲನಮೂಲೆಯಲ್ಲಿ ಬಸ್ಸು ನಿಲ್ಲುತ್ತದೆ ಎಂಬ ಬಗೆಯ ಲೆಕ್ಕ. ನೀರಾವರಿ ನಿಗಮದ ಬಳಿ 2018, 2019ರ ಗಂಟೆಗಂಟೆಯ ಹೊರಹರಿವಿನ ದಾಖಲೆಯಿದೆ. ಇವೆರಡನ್ನೂ ಒಂದು ಮೇಜಿನ ಮೇಲಿಟ್ಟರೆ ಪ್ರತಿ ಊರಿಗೂ ಒಂದೊಂದು ಪಟ್ಟಿ ಸಿದ್ಧವಾಗುತ್ತದೆ: ಇಷ್ಟು ಬಿಟ್ಟರೆ, ಇಷ್ಟು ಹೊತ್ತಿಗೆ, ನಿಮ್ಮೂರಿನ ಇಂಥ ಕಲ್ಲು. ಅದನ್ನು ದೇವಸ್ಥಾನದ ಗೋಡೆಗೆ, ಹಾಲಿನ ಡೇರಿಯ ಬಾಗಿಲಿಗೆ ಬರೆಸಬೇಕು. ಕಲ್ಲಿಗೆ ಕೆಂಪು ಬಣ್ಣ ಬಳಿಯಬೇಕು. ಕೋಟಿಯ ಯೋಜನೆಯಲ್ಲ ಇದು. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿಯಿಲ್ಲ.

ಮಾತು ಮುಟ್ಟಿಸುವುದು ಅಸಾಧ್ಯವೇನಲ್ಲ. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ಕು ಜೀವ ಬಲಿಯಾದಾಗ ಕಬ್ಬಿನ ಗದ್ದೆಯ ಬದಿಯ ಗುಡಿಸಲಿಗೂ ಸುದ್ದಿ ಹೋಯಿತು. ಸಂಜೆಯ ಮೇಲೆ ಹೊರಗೆ ಬರಬೇಡಿ ಎಂಬುದು ಪ್ರತಿ ಮನೆಯ ಮಾತಾಯಿತು. ಚಿರತೆಗೆ ಹೆದರಿದಷ್ಟು ಜನ ನೀರಿಗೆ ಹೆದರುವುದಿಲ್ಲ, ನಿಜ. ಹೊಳೆ ತಾಯಿ, ಬಂದು ಹೋಗುತ್ತಾಳೆ ಎಂಬ ಸಲಿಗೆ ಇದೆ. ಆದರೆ ಅಂದು ಅಧಿಕಾರಿಗಳು ಊರೂರಿಗೆ ನಡೆದು ಹೋದರು ಎಂಬುದೂ ಅಷ್ಟೇ ನಿಜ.

ಹೇಳಿದರೂ ಜನ ಎದ್ದು ಬರುವುದಿಲ್ಲ ಎಂಬುದು ಅಧಿಕಾರಿಗಳ ಕಾಯಂ ದೂರು. ಏಕೆ ಬರುವುದಿಲ್ಲ? ಕಾಳಜಿ ಕೇಂದ್ರವೆಂದು ತೆರೆಯುವುದು ಶಾಲೆ ಇಲ್ಲವೇ ಕಲ್ಯಾಣ ಮಂಟಪ. ಅಲ್ಲಿ ಊಟ ಇರುತ್ತದೆ, ಚಾಪೆ ಇರುತ್ತದೆ, ಹಸು ಕಟ್ಟಲು ಗೂಟ ಇರುವುದಿಲ್ಲ. ಹಸುವನ್ನು ಬಿಟ್ಟು ಬಾ ಅಂದರೆ ರೈತ ಬರುವುದಿಲ್ಲ. ಹೆಂಗಸರು ಮಕ್ಕಳನ್ನು ಕಳಿಸಿ ತಾನು ಅಟ್ಟದ ಮೇಲೆ ಕೂರುತ್ತಾನೆ. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲೇ ಜಾನುವಾರು ಶಿಬಿರಕ್ಕೆ, ಮೇವಿಗೆ ಅವಕಾಶವಿದೆ. ಸತ್ತ ಹಾಲು ಹಸುವಿಗೆ 37,500 ರೂಪಾಯಿ ಕೊಡುವ ಸರ್ಕಾರಕ್ಕೆ ಬದುಕಿರುವ ಹಸುವನ್ನು ಒಂದು ವಾರ ಎತ್ತರದಲ್ಲಿ ಕಟ್ಟಿಹಾಕುವುದು ಅಗ್ಗ.

ಇನ್ನು ಪಂಪ್‌ಸೆಟ್ಟು. ದಂಡೆಯ ತೋಟಗಾರನ ಜೀವ ಇರುವುದು ಹೊಳೆಯಂಚಿನ ಮೋಟರಿನಲ್ಲಿ. ನೀರು ಏರುವ ಸುದ್ದಿ ಬಂದ ಕೂಡಲೇ ಅವನು ಮೊದಲು ಓಡುವುದು ಅಲ್ಲಿಗೆ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ತುಕ್ಕು ಹಿಡಿದ ನಾಲ್ಕು ಬೋಲ್ಟು ಬಿಚ್ಚಿ, ಪೈಪಿನ ಫ್ಲಾಂಜ್ ಕಳಚಿ, ಸ್ಟಾರ್ಟರ್ ಪೆಟ್ಟಿಗೆ ಬಿಡಿಸಿ, ಇಬ್ಬರು ಮೂವರು ಬೊಂಬಿಗೆ ಹಗ್ಗ ಬಿಗಿದು ಮೋಟರನ್ನು ಹೊತ್ತು ಏರಿ ಹತ್ತಬೇಕು. ಹಗಲಾದರೆ ಒಂದು ಗಂಟೆಯ ಕೆಲಸ. ಕತ್ತಲಲ್ಲಿ, ಕಾಲಡಿ ಕೆಸರು ಜಾರುವಾಗ, ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಗೊತ್ತಿಲ್ಲದಿರುವಾಗ, ಅದು ಜೀವ ಪಣಕ್ಕಿಟ್ಟು ಮಾಡುವ ಕೆಲಸ. ಆದ್ದರಿಂದ ನಮ್ಮದೊಂದು ಖಚಿತ ಬೇಡಿಕೆ: ರಾತ್ರಿ ಹೊರಹರಿವು ಏರಿಸುವ ಸಂಭವವಿದ್ದರೆ ಹೊತ್ತು ಮುಳುಗುವ ಮುಂಚೆಯೇ ಹೇಳಿ. ಮುತ್ತಂಕೆರೆಯ ಮಟ್ಟ, ವೈತಿರಿ ಮಾನಂತವಾಡಿಗಳ ಬೆಳಗಿನ ಮಳೆ ನೋಡಿದರೆ ಸಂಜೆಯ ಅಂದಾಜು ಹಾಕಲು ಆಗುತ್ತದೆ. ಅಂದಾಜು ತಪ್ಪಿದರೆ ತಪ್ಪಲಿ. ಮೋಟರನ್ನು ಮರುದಿನ ಮತ್ತೆ ಕೂರಿಸಿದರಾಯಿತು. ಬನಾಸುರ ಸಾಗರದ ಗೇಟು ಮುನ್ಸೂಚನೆ ಇಲ್ಲದೆ ತೆರೆದರೆಂದು 2018ರಲ್ಲಿ ವಯನಾಡಿನವರೇ ಗೋಳಾಡಿದ್ದರು. ಆ ನೀರೂ ಕೊನೆಗೆ ಕಬಿನಿಗೇ ಬರುವುದು. ಅಲ್ಲಿನ ಗೇಟಿನ ಸುದ್ದಿ ಇಲ್ಲಿನ ತಹಶೀಲ್ದಾರರಿಗೆ ಟೀವಿಯಿಂದ ತಿಳಿಯುವಂತಾಗಬಾರದು.

ಮುಳುಗಿದ ಮೇಲಿನ ಕಥೆಯೂ ಮುಳುಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಬಾಳೆಯ ಬುಡದಲ್ಲಿ ಮೂರು ನಾಲ್ಕು ದಿನ ನೀರು ನಿಂತರೆ ಬೇರು ಕೊಳೆಯುತ್ತದೆ. ಗೊನೆ ಹೊತ್ತ ಗಿಡ ನಿಂತ ನಿಲುವಿನಲ್ಲೇ ಹಳದಿ ತಿರುಗುತ್ತದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚ್ಯಂಕದ ಗೌರವ ಸಿಕ್ಕಿದ್ದರೂ ಪನಾಮ ಸೊರಗು ರೋಗಕ್ಕೆ ಹೆದರಿ ಅದನ್ನು ಬೆಳೆಯುವವರೇ ಅಪರೂಪವಾಗಿರುವಾಗ, ಉಳಿದಿರುವ ನಾಲ್ಕು ತೋಟಕ್ಕೆ ನೆರೆ ನುಗ್ಗಿದರೆ ಹೋಗುವುದು ಒಂದು ವರ್ಷದ ಫಸಲಷ್ಟೇ ಅಲ್ಲ, ಮುಂದಿನ ನಾಟಿಗೆ ಬೇಕಾದ ಕಂದು ಕೂಡ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮದಂತೆ ಬೆಳೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರಿನ ಮಿತಿಯೊಳಗೆ. ರಾಜ್ಯ ಕೆಲವು ವರ್ಷ ತನ್ನದೊಂದಿಷ್ಟು ಸೇರಿಸಿದೆ. ಕೇಂದ್ರದ್ದನ್ನಷ್ಟೇ ಎಕರೆ ಲೆಕ್ಕಕ್ಕೆ ಇಳಿಸಿದರೆ ಹೆಚ್ಚೆಂದರೆ ಒಂಬತ್ತು ಸಾವಿರ ಚಿಲ್ಲರೆ. ಬಾಳೆ ಬೆಳೆದವರನ್ನು ಕೇಳಿ, ಗೊಬ್ಬರಕ್ಕೂ ಸಾಲದು.

ಅದಾದರೂ ಯಾರಿಗೆ? ಪಹಣಿಯಲ್ಲಿ ಹೆಸರಿರುವವನಿಗೆ. ನದಿ ದಂಡೆಯ ಬಾಳೆ, ಶುಂಠಿಯಲ್ಲಿ ಎಷ್ಟೋ ಗುತ್ತಿಗೆಯ ಬೇಸಾಯ. ಭೂಸುಧಾರಣೆಯ ಕಾನೂನು ಗೇಣಿಯನ್ನು ನಿಷೇಧಿಸಿರುವುದರಿಂದ ಆ ಗುತ್ತಿಗೆ ಬರೀ ಬಾಯಿಮಾತು, ಹೆಚ್ಚೆಂದರೆ ಒಂದು ಬಿಳಿ ಹಾಳೆ. ಸಾಲ ಮಾಡಿ ಬೆಳೆದವನು ಒಬ್ಬ, ಖಾತೆಗೆ ಪರಿಹಾರ ಬೀಳುವುದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಇನ್ನೊಬ್ಬನಿಗೆ. ಒಳ್ಳೆಯವನಾದರೆ ಕೊಡುತ್ತಾನೆ. ಪಹಣಿಯ ಬೆಳೆ ಕಾಲಂ ತುಂಬುವ ಬೆಳೆ ಸಮೀಕ್ಷೆಯಲ್ಲೇ, ಇಲ್ಲಿ ನಿಜವಾಗಿ ದುಡಿಯುತ್ತಿರುವವನು ಯಾರು ಎಂದು ಮಾಲೀಕನ ಒಪ್ಪಿಗೆಯೊಂದಿಗೆ ದಾಖಲಿಸಲು ದಾರಿ ಮಾಡಿಕೊಡದಿದ್ದರೆ ನೆರೆ ಬಂದಾಗ ಗುತ್ತಿಗೆದಾರ ಲೆಕ್ಕದಲ್ಲೇ ಇರುವುದಿಲ್ಲ. ಭೂಮಿ ಹೋಗಿಬಿಡುತ್ತದೆಂಬ ಮಾಲೀಕನ ಹೆದರಿಕೆ ನಮಗೆ ಅರ್ಥವಾಗುತ್ತದೆ. ಉಳುವವನ ಹಕ್ಕಿನ ಪ್ರಶ್ನೆಯೇ ಬೇರೆ, ಒಂದು ಹಂಗಾಮಿನ ಪರಿಹಾರದ ಪ್ರಶ್ನೆಯೇ ಬೇರೆ ಎಂದು ಕಂದಾಯ ಇಲಾಖೆ ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬಹುದು.

ಕೊನೆಯದಾಗಿ, ಘಟ್ಟದ ಮೇಲಿರುವ ನಮ್ಮವರು. 2024ರ ಜುಲೈ ಕೊನೆಯಲ್ಲಿ ಈ ಭಾಗದ ಊರುಗಳಲ್ಲಿ ಜನ ಫೋನು ಹಿಡಿದು ಕೂತಿದ್ದರು: ಇಂಥವರ ಮಗಳು ಚೂರಲ್‌ಮಲೆಯಲ್ಲಿದ್ದಳಲ್ಲ, ಇಂಥವರ ಅಣ್ಣ ಮೇಪ್ಪಾಡಿಯಲ್ಲಿದ್ದನಲ್ಲ ಎಂದು. ಕರ್ನಾಟಕದಿಂದ ಎಷ್ಟು ಜನ ಅಲ್ಲಿದ್ದರು ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಸಿದ್ಧ ಉತ್ತರ ಇರಲಿಲ್ಲ. ಅಧಿಕಾರಿಗಳನ್ನು ಅಲ್ಲಿಗೆ ಕಳಿಸಿ, ಆಸ್ಪತ್ರೆ ಶವಾಗಾರ ಸುತ್ತಿಸಿ, ಒಬ್ಬೊಬ್ಬರನ್ನೇ ಎಣಿಸಬೇಕಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ವಯನಾಡಿನಲ್ಲಿ ನೂರು ಮನೆ ಕಟ್ಟಿಸಿಕೊಡುವುದಾಗಿ ಘೋಷಿಸಿದರು. ದೊಡ್ಡ ಮನಸ್ಸಿನ ಮಾತೇ. ಆದರೆ ಎಸ್ಟೇಟಿನ ಕೋಣೆಯಲ್ಲಿರುವ ಕನ್ನಡದ ಕೂಲಿಯವನ ಹೆಸರು ಅಲ್ಲಿಯ ಪಂಚಾಯಿತಿಯ ಪುಸ್ತಕದಲ್ಲೂ ಇರುವುದಿಲ್ಲ, ಇಲ್ಲಿಯ ಪುಸ್ತಕದಲ್ಲೂ ಇರುವುದಿಲ್ಲ. ಮಳೆಗಾಲದ ಎಚ್ಚರಿಕೆ ಮಲಯಾಳದಲ್ಲಿ ಬಂದರೆ ಹೊಸದಾಗಿ ಹೋದವನಿಗೆ ಅರ್ಥವೂ ಆಗುವುದಿಲ್ಲ. ಕೇರಳ 2025ರ ಜನವರಿಯಲ್ಲಿ ‘ಕವಚಂ’ ಎಂಬ ಸೈರನ್ ಜಾಲ ಶುರು ಮಾಡಿದೆ. ಸೈರನ್ ಕೂಗಿದರೆ ಎತ್ತ ಓಡಬೇಕೆಂದು ಆ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳಿದವರಿದ್ದಾರೆಯೆ?

ನಂಜನಗೂಡು, ನರಸೀಪುರ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯೂ ಜೂನ್ ಹುಟ್ಟುವ ಮೊದಲು ಒಂದು ಪುಸ್ತಕ ತೆರೆಯಲಿ: ನಮ್ಮೂರಿನಿಂದ ವಯನಾಡು, ನೀಲಗಿರಿ, ಕೊಡಗಿನ ಎಸ್ಟೇಟುಗಳಲ್ಲಿ ಯಾರಿದ್ದಾರೆ, ಯಾವ ಎಸ್ಟೇಟು, ಯಾವ ಡಿವಿಜನ್, ಫೋನ್ ನಂಬರೇನು, ಇಲ್ಲಿ ಯಾರಿಗೆ ತಿಳಿಸಬೇಕು. ಆಶಾ ಕಾರ್ಯಕರ್ತೆಗೆ, ಸ್ತ್ರೀಶಕ್ತಿ ಸಂಘಕ್ಕೆ ಈ ವಿವರ ಬಾಯಿಪಾಠವೇ ಇದೆ. ಬರೆದುಕೊಳ್ಳುವ ಕೆಲಸ ಒಂದು ವಾರದ್ದು. ಜಿಲ್ಲಾಡಳಿತ ಆ ಪಟ್ಟಿಯನ್ನು ವಯನಾಡಿನ ಕಲೆಕ್ಟರಿಗೆ ಕಳಿಸಲಿ, ರೆಡ್ ಅಲರ್ಟಿನ ದಿನ ಅದನ್ನು ಹಿಡಿದು ಕನ್ನಡದಲ್ಲಿ ಫೋನು ಮಾಡುವ ಇಬ್ಬರನ್ನು ಕೂರಿಸಲಿ. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ಬೆಳಿಗ್ಗೆ ಆರರವರೆಗೆ ಇಲ್ಲಿಂದ ಸಾಮಾನ್ಯ ವಾಹನ ಆ ದಾರಿಯಲ್ಲಿ ಹೋಗುವಂತಿಲ್ಲ; ಮುಂಡಕ್ಕೈನ ಗುಡ್ಡ ಜಾರಿದ್ದು ಆ ಹೊತ್ತಿನೊಳಗೇ. ಫೋನು ಬಿಟ್ಟರೆ ಬೇರೆ ದಾರಿಯಿಲ್ಲ.

ಈ ಪುಸ್ತಕ ತೆರೆದ ಪಂಚಾಯಿತಿಗಳ ಹೆಸರನ್ನೂ ತೆರೆಯದವುಗಳ ಹೆಸರನ್ನೂ ನಾವು ಜೂನ್ ಎರಡನೇ ವಾರ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.